ಗೋರಂಟಿಯಿಂದ ಕೋನ್‌ವರೆಗೆ: ಸಂತೆಬಾಚಹಳ್ಳಿಯ ಬಣ್ಣಗಳು

ಮಂಡ್ಯ ಜಿಲ್ಲೆಯ ಸಂತೆಬಾಚಹಳ್ಳಿಗೆ ನೀವು ಹೋಗಿರಲಿಕ್ಕಿಲ್ಲ. ಹೋಗಬೇಕಾದ ಕಾರಣವೂ ನಿಮಗೆ ಬಂದಿರಲಿಕ್ಕಿಲ್ಲ. ಕೆ.ಆರ್. ಪೇಟೆ ತಾಲೂಕಿನ ಒಂದು ಹೋಬಳಿ ಕೇಂದ್ರ ಅದು. ಪ್ರವಾಸಿಗರು ಹೊಸಹೊಳಲಿನ ಹೊಯ್ಸಳ ದೇವಾಲಯ ನೋಡುತ್ತಾರೆ, ಮೇಲುಕೋಟೆ ಬೆಟ್ಟ ಹತ್ತುತ್ತಾರೆ, ಶ್ರೀರಂಗಪಟ್ಟಣದಲ್ಲಿ ಗುಂಬಜ್ ನೋಡಿ ಮೈಸೂರಿನತ್ತ ಹೊರಡುತ್ತಾರೆ. ಸಂತೆಬಾಚಹಳ್ಳಿಯಲ್ಲಿ ಬಸ್ಸಿಳಿಯುವವರು ಒಂದೋ ಊರಿನವರು, ಇಲ್ಲವೇ ನನ್ನ ಹಾಗೆ ಆ ಊರಿನಲ್ಲಿ ನಾನಿ ಇರುವವರು.

ಕಳೆದ ವರ್ಷ ಖಾಲಾನ ಮಗಳ ನಿಕಾಹ್‌ಗೆಂದು ನಾನು ಒಂದು ವಾರ ಮೊದಲೇ ಅಲ್ಲಿಗೆ ಹೋಗಿದ್ದೆ. ಮದುವೆ ಮನೆಯೆಂದ ಮೇಲೆ ಕೆಲಸಕ್ಕೆ ಕೊನೆಯುಂಟೇ? ಅಕ್ಕಿ ಆರಿಸುವುದು, ಮಸಾಲೆ ಒಣಗಿಸುವುದು, ದುಪಟ್ಟಾಗಳಿಗೆ ಅಂಚು ಹೊಲಿಯುವುದು. ನಡುವೆ ಸಂತೆಯ ದಿನ ಬಂತು. "ನೀವಿಬ್ಬರೂ ಹೋಗಿ ಸಣ್ಣಪುಟ್ಟ ಸಾಮಾನು ತನ್ನಿ" ಎಂದು ಖಾಲಾ ನನ್ನನ್ನೂ ಮದುವಣಗಿತ್ತಿಯನ್ನೂ ಕಳಿಸಿದರು. ಬಣ್ಣಗಳ ಬಗ್ಗೆ ಇಷ್ಟು ಬರೆಯಬೇಕಾಗಿ ಬಂದದ್ದು ಆ ಸಂತೆಯಿಂದಲೇ.

ಹಳ್ಳಿಯ ಸಂತೆಯನ್ನು ನೀವು ತರಕಾರಿಗಾಗಿಯೇ ನೋಡಿರುತ್ತೀರಿ. ಒಮ್ಮೆ ಬಣ್ಣಗಳಿಗಾಗಿ ನೋಡಿ. ಒಂದು ಕಡೆ ಅರಿಶಿನದ ಕೊಂಬು, ಅದರ ಪಕ್ಕದಲ್ಲಿ ಗೋಪುರದಂತೆ ಸುರಿದ ಕುಂಕುಮ. ಇನ್ನೊಂದು ಕಡೆ ರಂಗೋಲಿಯ ಪುಡಿಗಳು. ಗುಲಾಬಿ, ಹಸಿರು, ನೇರಳೆ, ಕಣ್ಣು ಚುಚ್ಚುವಷ್ಟು ಗಾಢ. ಬಿಳಿ ಬಟ್ಟೆಗೆ ಹಾಕುವ ನೀಲಿಯ ಸಣ್ಣ ಬಾಟಲಿ. ಹಗ್ಗಕ್ಕೆ ತೂಗುಹಾಕಿದ ನೈಲಾನ್ ನೈಟಿಗಳು. ಅಚ್ಚು ಬೆಲ್ಲ, ಕೆಲವು ಕಪ್ಪಗೆ, ಕೆಲವು ಚಿನ್ನದಂತೆ ಹಳದಿ. ಬೊಂಬಾಯಿ ಮಿಠಾಯಿ ಮಾರುವವನ ಕೋಲಿನ ತುಂಬ ಗುಲಾಬಿ ಹತ್ತಿ. ಬಳೆ ಅಂಗಡಿಯ ಮುಂದೆ ಮೆಹಂದಿ ಕೋನ್‌ಗಳ ರಾಶಿ.

"ಇದು ಐದ್ ನಿಮಿಷಕ್ಕೆ ಹಿಡ್ಕತದೆ ಕಣಕ್ಕ, ಕರ್ರಗೆ ಬತ್ತದೆ. ಎಲ್ಲಾರೂ ಇದ್ನೇ ತಕ್ಕೊಂಡೋಯ್ತರೆ" ಎಂದಳು ಅಂಗಡಿಯ ಹುಡುಗಿ. ಅವಳ ತಪ್ಪೇನೂ ಇಲ್ಲ, ಅವಳ ಕೈಯಲ್ಲೂ ಅದೇ ಬಣ್ಣವಿತ್ತು. ನಾವು ನಾಲ್ಕು ಕೋನ್ ಕೊಂಡೆವು. ಮನೆಯ ಹಿತ್ತಿಲಲ್ಲಿ ನಾನಿ ನೆಟ್ಟ ಗೋರಂಟಿ ಗಿಡ ಆಳೆತ್ತರಕ್ಕೆ ಬೆಳೆದು ನಿಂತಿತ್ತು. ಅದರ ಎಲೆ ಕೀಳುವವರು, ಅರೆಯುವವರು ಯಾರು? ರಾತ್ರಿಯೆಲ್ಲ ಕೈ ಕಟ್ಟಿ ಕೂರುವವರು ಯಾರು?

ನಿಕಾಹ್‌ಗೆ ಎರಡು ದಿನ ಮೊದಲು ರಾತ್ರಿ ಮೆಹಂದಿ ಹಚ್ಚಿದೆವು. ಹೇಳಿದಂತೆಯೇ ಸ್ವಲ್ಪ ಹೊತ್ತಿನಲ್ಲಿ ಕಪ್ಪು ಬಣ್ಣ ಬಂತು. ಎಲ್ಲರೂ ಮೆಚ್ಚಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಹುಡುಗಿ ಕೈ ತುರಿಸಿಕೊಳ್ಳತೊಡಗಿದಳು. ಸಂಜೆಯ ಹೊತ್ತಿಗೆ ಚಿತ್ರ ಬಿಡಿಸಿದ ಗೆರೆಗಳೆಲ್ಲ ಉಬ್ಬಿದವು. ಬಳ್ಳಿ, ಹೂವು, ಎಲೆ ಎಲ್ಲವೂ ಕೆಂಪಾಗಿ ಮೇಲೆದ್ದು, ರಾತ್ರಿಗೆ ನೀರುಗುಳ್ಳೆಗಳಾದವು. ಗುಳ್ಳೆಗಳೂ ಅದೇ ಚಿತ್ರದ ಆಕಾರದಲ್ಲಿದ್ದವು. ಅದನ್ನು ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ.

ಪಟ್ಟಣದ ಆಸ್ಪತ್ರೆಗೆ ಓಡಿದೆವು. ವೈದ್ಯೆ ಕೈ ನೋಡಿ ಮೊದಲು ಕೇಳಿದ್ದು, "ಕರಿ ಮೆಹಂದಿಯೇ?" ಎಂದು. ಎರಡನೆಯದು, "ಮೊದಲೂ ಹಚ್ಚಿದ್ದೆಯಾ?" ಎಂದು. ಹಿಂದಿನ ಈದ್‌ಗೆ ಹಚ್ಚಿದ್ದಳು, ಆಗ ಏನೂ ಆಗಿರಲಿಲ್ಲ. "ಹಾಗೆಯೇ ಆಗುವುದು. ಮೊದಲ ಸಲ ದೇಹ ಅದನ್ನು ಗುರುತು ಹಿಡಿಯುತ್ತದೆ. ಎರಡನೆಯ ಸಲ ಅದರ ವಿರುದ್ಧ ಹೋರಾಡುತ್ತದೆ" ಎಂದರು. ಆಮೇಲೆ ಅವರು ಹೇಳಿದ ಮಾತು ನಮ್ಮನ್ನು ಹೆದರಿಸಿತು. ಗುಳ್ಳೆ ವಾಸಿಯಾಗುತ್ತದೆ, ಆದರೆ ಈ ಅಲರ್ಜಿ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಇನ್ನು ಮುಂದೆ ಅವಳು ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಹತ್ತಿರ ಹೋಗುವಂತಿಲ್ಲ. ಗಾಢ ಬಣ್ಣದ ಕೆಲವು ಬಟ್ಟೆಗಳೂ ಅವಳಿಗೆ ಒಗ್ಗದಿರಬಹುದು. ಇಪ್ಪತ್ತೆರಡು ವರ್ಷದ ಹುಡುಗಿಗೆ, ನಿಕಾಹ್‌ನ ಹಿಂದಿನ ದಿನ ಕೇಳಬೇಕಾದ ಮಾತೇ ಅದು?

ಹಾಗಾದರೆ ಆ ಕೋನ್‌ನಲ್ಲಿ ಇದ್ದುದೇನು? ಇಂತಹ ಪ್ರಕರಣಗಳಲ್ಲಿ ವೈದ್ಯರು ಮೊದಲು ಸಂಶಯಪಡುವುದು ಪ್ಯಾರಾ ಫೆನಿಲಿನ್ ಡಯಮೀನ್ ಎಂಬ ರಾಸಾಯನಿಕವನ್ನು. ಚಿಕ್ಕದಾಗಿ ಪಿಪಿಡಿ ಎನ್ನುತ್ತಾರೆ. ಕೂದಲು ಕಪ್ಪು ಮಾಡುವ ಹೆಚ್ಚಿನ ಬಣ್ಣಗಳಲ್ಲಿ ಇದು ಇರುತ್ತದೆ. ಐರೋಪ್ಯ ಒಕ್ಕೂಟದಲ್ಲಿ ತಲೆಗೂದಲ ಬಣ್ಣದಲ್ಲಿ ಹೆಚ್ಚೆಂದರೆ ಶೇಕಡಾ 2ರಷ್ಟು ಮಾತ್ರ ಬಳಸಲು ಅನುಮತಿಯಿದೆ, ಚರ್ಮಕ್ಕೆ ನೇರವಾಗಿ ಹಚ್ಚಲು ಅನುಮತಿಯೇ ಇಲ್ಲ. ಗೋರಂಟಿ ಎಲೆಯೊಂದೇ ಎಂದೂ ಕಪ್ಪು ಬಣ್ಣ ಕೊಡುವುದಿಲ್ಲ. ಅದರಲ್ಲಿರುವ ಲಾಸೋನ್ ಎಂಬ ಅಂಶ ಚರ್ಮಕ್ಕೆ ಮೊದಲು ಕಿತ್ತಳೆ ಬಣ್ಣ ಕೊಡುತ್ತದೆ, ಒಂದೆರಡು ದಿನಗಳಲ್ಲಿ ಅದು ಕಂದುಗೆಂಪಿಗೆ ತಿರುಗುತ್ತದೆ. ಆರೇಳು ಗಂಟೆ ಇಟ್ಟರೆ ಚೆನ್ನಾಗಿ ಹಿಡಿಯುತ್ತದೆ. ಹತ್ತು ನಿಮಿಷದಲ್ಲಿ ಕರ್ರಗಾಗುವ ಮೆಹಂದಿಯೆಂದರೆ ಅದರೊಳಗೆ ಬೇರೇನೋ ಸೇರಿದೆ ಎಂದೇ ತಿಳಿಯಿರಿ. ಸೀಮೆಎಣ್ಣೆಯಂತಹ ವಾಸನೆ ಬಂದರೂ ಅಷ್ಟೇ. ಇನ್ನೊಂದು ಮಾತು: ಕೂದಲ ಬಣ್ಣದ ಪೊಟ್ಟಣವನ್ನೋ ಬಾಟಲಿಯನ್ನೋ ಮಕ್ಕಳ ಕೈಗೆ ಸಿಗುವಂತೆ ಇಡಬೇಡಿ. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ, ಮೂತ್ರಪಿಂಡಗಳು ಕೆಡುತ್ತವೆ.

ಗೋರಂಟಿ, ಮದರಂಗಿ, ಮೆಹಂದಿ, ಕರಾವಳಿಯ ಬ್ಯಾರಿ ಸಹೋದರಿಯರ ಮೈಲಾಂಜಿ - ಹೆಸರು ಯಾವುದಾದರೇನು, ಗಿಡ ಒಂದೇ. ಅದರ ಬಣ್ಣ ಚರ್ಮದ ಹೊರಪದರದೊಳಗೇ ಸೇರುತ್ತದೆ, ಉಗುರುಬಣ್ಣದಂತೆ ಮೇಲೆ ಪದರವಾಗಿ ಕೂರುವುದಿಲ್ಲ. ವುಝೂ ಮಾಡುವಾಗ ಉಗುರುಬಣ್ಣದ ಬಗ್ಗೆ ಏಳುವ ಪ್ರಶ್ನೆ ಮೆಹಂದಿಯ ಬಣ್ಣದ ಬಗ್ಗೆ ಏಳದಿರುವುದು ಇದರಿಂದಲೇ.

ನಿಕಾಹ್ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಮದುವಣಗಿತ್ತಿ ಮುಲಾಮು ಹಚ್ಚಿದ ಕೈಗಳನ್ನು ಓಢನಿಯೊಳಗೆ ಅಡಗಿಸಿಕೊಂಡು ಕೂತಳು. ವಲೀಮಾ ಮುಗಿದು ಮನೆ ಖಾಲಿಯಾದ ಮೇಲೆ ನಾನು ನಾನಿಯ ಪಕ್ಕ ಕೂತು, "ನಿಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ ಅಲ್ಲವೇ ನಾನಿ?" ಎಂದೆ. ಹೌದು ಬೇಟಿ, ನಮ್ಮ ಕಾಲವೇ ಚೆನ್ನಾಗಿತ್ತು ಎನ್ನುತ್ತಾರೆಂದು ಕಾದಿದ್ದೆ. ಎಂಬತ್ತು ದಾಟಿದ ನಾನಿ ನಕ್ಕುಬಿಟ್ಟರು.

"ನಮ್ಮ ಕಾಲದಲ್ಲಿ ಬಣ್ಣವೇ ಎಲ್ಲಿತ್ತು? ವರ್ಷಕ್ಕೆ ಎರಡು ಸೀರೆ. ಎರಡೂ ಒಗೆದು ಒಗೆದು ಮಣ್ಣಿನ ಬಣ್ಣಕ್ಕೆ ಬರುತ್ತಿದ್ದವು. ಬಣ್ಣದ ಪೊಟ್ಟಣ ಅಂಗಡಿಗೆ ಬಂದಾಗ ನಾನು ಎಷ್ಟು ಖುಷಿಪಟ್ಟಿದ್ದೆ ಗೊತ್ತಾ? ಈದ್‌ಗೆ ಮೊದಲು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಪೊಟ್ಟಣ ಸುರಿದು, ಒಂದು ಹಿಡಿ ಉಪ್ಪು ಹಾಕಿ, ಹಳೆ ಸೀರೆ ಅದ್ದಿದರೆ ಹೊಸ ಸೀರೆ! ನಿನ್ನ ಅಮ್ಮಿಯ ಮೂರು ಈದ್ ಒಂದೇ ಸೀರೆಯಲ್ಲಿ ಹೋದವು. ಒಂದು ಸಲ ಹಸಿರು, ಒಂದು ಸಲ ಕಿರಮಂಜಿ, ಕೊನೆಗೆ ಕಪ್ಪು."

ಆ ಒಂದು ಹಿಡಿ ಉಪ್ಪಿಗೂ ಅರ್ಥವಿದೆ. ಪೊಟ್ಟಣದ ಬಣ್ಣ ನೀರಿನಲ್ಲೇ ಉಳಿಯದೆ ಹತ್ತಿಯ ಎಳೆಗೆ ಹೋಗಿ ಸೇರುವಂತೆ ಮಾಡುವುದು ಉಪ್ಪು. ನಾನಿಗೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ, ಉಪ್ಪು ಹಾಕದಿದ್ದರೆ ಬಣ್ಣ ಹಿಡಿಯುವುದಿಲ್ಲವೆಂದು ಗೊತ್ತಿತ್ತು. ಹಳೆಯದೆಲ್ಲ ಒಳ್ಳೆಯದು, ಹೊಸದೆಲ್ಲ ವಿಷ ಎಂದು ಬರೆಯಲು ಹೊರಟಿದ್ದ ನನಗೆ ಅವರ ಮಾತು ಕಡಿವಾಣ ಹಾಕಿತು. ಬಡವರ ಮನೆಯ ಹೆಣ್ಣುಮಕ್ಕಳಿಗೆ ಹಸಿರು, ಕಿರಮಂಜಿ ಸಿಕ್ಕಿದ್ದು ಕಾರ್ಖಾನೆಯ ಬಣ್ಣ ಬಂದ ಮೇಲೆಯೇ.

ಕಿರಮಂಜಿ ಎಂದಾಗ ನೆನಪಾಯಿತು. ಇದು ಅರಬಿಯ ಕಿರ್ಮಿಝ್‌ನಿಂದ ಬಂದ ಪದ. ಕಿರ್ಮಿಝ್ ಎಂಬುದು ಕೆಂಪು ಬಣ್ಣ ಕೊಡುವ ಒಂದು ಸಣ್ಣ ಕೀಟ. ಇಂಗ್ಲಿಷಿನ ಕ್ರಿಮ್ಸನ್ ಕೂಡ ಅದೇ ಮೂಲದ್ದು. ನೀಲಿಯ ಪ್ರಯಾಣ ಇದಕ್ಕಿಂತ ಸ್ವಾರಸ್ಯಕರ. ನಮ್ಮ ನೀಲ ಅರಬರ ಬಾಯಲ್ಲಿ ಅನ್-ನೀಲ್ ಆಯಿತು, ಪೋರ್ಚುಗೀಸರಲ್ಲಿ ಅನಿಲ್ ಆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನೀಲಿಯನ್ನು ಬಟ್ಟಿಯಿಳಿಸಿದಾಗ ಸಿಕ್ಕ ಒಂದು ದ್ರವಕ್ಕೆ ವಿಜ್ಞಾನಿಗಳು ಅನಿಲಿನ್ ಎಂದು ಹೆಸರಿಟ್ಟರು. ಅದೇ ಅನಿಲಿನ್ ಕಲ್ಲಿದ್ದಲ ಡಾಂಬರಿನಲ್ಲೂ ಇತ್ತು. 1856ರಲ್ಲಿ ಲಂಡನ್‌ನಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ಹುಡುಗ ಮಲೇರಿಯಾಕ್ಕೆ ಕ್ವಿನೈನ್ ಔಷಧಿ ತಯಾರಿಸಲು ಹೊರಟು, ಅನಿಲಿನ್‌ನಿಂದ ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಪಡೆದ. ಜಗತ್ತಿನ ಕೃತಕ ಬಣ್ಣಗಳ ಉದ್ಯಮ ಬೆಳೆದದ್ದು ಅಲ್ಲಿಂದ. ನಾನಿಯ ಪೊಟ್ಟಣವೂ ಆ ವಂಶದ್ದೇ, ನಮ್ಮ ಹುಡುಗಿಯ ಕೈ ಸುಟ್ಟ ಪಿಪಿಡಿಯೂ ಅನಿಲಿನ್‌ನ ಹತ್ತಿರದ ಬಂಧುವೇ.

ಪೊಟ್ಟಣ ಬರುವ ಮೊದಲು? ನಾನಿಯ ತೌರಿನ ಕಡೆ ಒಂದು ರಂಗ್ರೇಜ್ ಕುಟುಂಬವಿತ್ತಂತೆ. ಬಟ್ಟೆಗೆ ಬಣ್ಣ ಹಾಕುವುದೇ ಅವರ ಕಸುಬು. ಹಿತ್ತಿಲಲ್ಲಿ ಕುತ್ತಿಗೆಯವರೆಗೆ ಹೂತ ಗುಡಾಣಗಳು, ಹತ್ತಿರ ಹೋದರೆ ಮೂಗು ಮುಚ್ಚಿಕೊಳ್ಳುವ ವಾಸನೆ. "ಬಿಳಿ ಬಟ್ಟೆ ಒಳಗೆ ಹೋಗುತ್ತಿತ್ತು. ಹೊರಗೆ ಬರುವಾಗ ಹಳದಿ ಹಸಿರು. ಹಿಂಡಿ ಹಗ್ಗಕ್ಕೆ ಹಾಕುವಷ್ಟರಲ್ಲಿ ನಮ್ಮ ಕಣ್ಣೆದುರೇ ನೀಲಿ! ಜಾದೂ ಎಂದೇ ನಾವು ತಿಳಿದಿದ್ದೆವು" ಎಂದರು.

ಜಾದೂ ಅಲ್ಲ, ಆದರೆ ಕಡಿಮೆಯ ವಿದ್ಯೆಯೂ ಅಲ್ಲ. ನೀಲಿ ಗಿಡದ ಎಲೆಯಲ್ಲಿ ನೀಲಿ ಬಣ್ಣ ಕಾಣುವುದೇ ಇಲ್ಲ. ಎಲೆಯನ್ನು ನೀರಿನಲ್ಲಿ ಕೊಳೆಸಿ, ಆ ನೀರನ್ನು ಗಾಳಿ ಸೇರುವಂತೆ ಬಡಿದಾಗ ನೀಲಿ ಗಸಿ ತಳಕ್ಕಿಳಿಯುತ್ತದೆ. ಅದನ್ನು ಒಣಗಿಸಿ ಬಿಲ್ಲೆ ಮಾಡುತ್ತಾರೆ. ಆ ಬಿಲ್ಲೆಯೋ ನೀರಿನಲ್ಲಿ ಕರಗದು. ಅದನ್ನು ಸುಣ್ಣ, ಸವಳು ಮಣ್ಣಿನ ನೀರಿನೊಂದಿಗೆ ಗುಡಾಣದಲ್ಲಿ ಹುಳಿ ಬರಿಸಬೇಕು. ದಕ್ಷಿಣ ಭಾರತದಲ್ಲಿ ಹುಳಿ ಬರಿಸಲು ಬೇಯಿಸಿದ ತಗಚೆ ಬೀಜ ಹಾಕುವ ಪದ್ಧತಿಯಿತ್ತು. ಬೇಲಿಯ ಬದಿಯಲ್ಲಿ ತಾನಾಗಿ ಬೆಳೆಯುವ ಅದೇ ತಗಚೆ ಗಿಡ. ಹುಳಿ ಬಂದ ಗುಡಾಣದಲ್ಲಿ ನೀಲಿ ತನ್ನ ಬಣ್ಣ ಕಳೆದುಕೊಂಡು ಕರಗುತ್ತದೆ, ಬಟ್ಟೆಯ ಎಳೆಯೊಳಗೆ ಸೇರುತ್ತದೆ, ಗಾಳಿ ತಾಗಿದೊಡನೆ ಮತ್ತೆ ನೀಲಿಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಟಿಪ್ಪು ಸುಲ್ತಾನರ ಮರಣಾನಂತರ, 1800ರಲ್ಲಿ ಇಂಗ್ಲಿಷರ ಕಡೆಯಿಂದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮೈಸೂರು ಸೀಮೆಯನ್ನು ಸುತ್ತಿ, ಇಲ್ಲಿನ ಬೆಳೆ, ಕಸುಬು, ಸಂತೆ ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಮೂರು ಸಂಪುಟಗಳಲ್ಲಿ ಪ್ರಕಟವಾದ ಅವನ ಪ್ರವಾಸಕಥನದಲ್ಲಿ ಬೆಂಗಳೂರಿನ ಬಣ್ಣಗಾರರ ಕೆಲಸದ ವಿವರವಾದ ವರ್ಣನೆಯಿದೆ. ನೀಲಿ ಹಾಕುವವರನ್ನು ಅವನು ನೀಲಗಾರರು ಎಂದೇ ಕರೆದಿದ್ದಾನೆ. ಮಂಡ್ಯ ಸೀಮೆಯಲ್ಲಿ ನೀಲಗಾರರು ಎಂದರೆ ಮಂಟೇಸ್ವಾಮಿಯ ಕಥೆ ಹಾಡುವವರು ಎಂದು ಎಲ್ಲರಿಗೂ ಗೊತ್ತು. ಹೆಸರು ಒಂದೇ ಆದರೂ ಬಣ್ಣದ ನೀಲಗಾರರು ಬೇರೆ, ಗೊಂದಲ ಬೇಡ.

ಕೆಂಪಿಗೆ ಬೇರೆಯೇ ದಾರಿ. ಇಂದು ನೋನಿ ಎಂಬ ಹೆಸರಿನಲ್ಲಿ ಬಾಟಲಿಯ ರಸ ಮಾರುತ್ತಾರಲ್ಲ, ಆ ಗಿಡದ ಬೇರಿನ ತೊಗಟೆಯಿಂದ, ಮಂಜಿಷ್ಠದ ಬೇರಿನಿಂದ, ಮರದ ಅರಗಿನಿಂದ ಕೆಂಪು ತೆಗೆಯುತ್ತಿದ್ದರು. ಬೇರನ್ನು ಕುದಿಸಿ ಬಟ್ಟೆ ಅದ್ದಿದರೆ ಸಾಲದು, ಎರಡನೆಯ ಒಗೆತಕ್ಕೆ ಹೊರಟುಹೋಗುತ್ತದೆ. ಹತ್ತಿ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಬೇಕು, ಆಮೇಲೆ ಪಟಿಕದ ನೀರಿನಲ್ಲಿ. ನಮ್ಮ ಮನೆಗಳಲ್ಲಿ ಫಟ್ಕಡಿ ಎನ್ನುತ್ತೇವಲ್ಲ, ಕ್ಷೌರದ ಗಾಯಕ್ಕೆ ಉಜ್ಜುವ ಕಲ್ಲು, ಅದೇ ಪಟಿಕ. ಅಳಲೆಯ ಒಗರು ಎಳೆಗೆ ಅಂಟುತ್ತದೆ, ಪಟಿಕ ಒಗರಿಗೆ ಅಂಟುತ್ತದೆ, ಬಣ್ಣ ಪಟಿಕಕ್ಕೆ ಅಂಟುತ್ತದೆ. ಈ ನೆಂಟಸ್ತಿಕೆ ಕೂಡಿಬಂದರೆ ಕೆಂಪು ಕಾಲಾಂತರ ನಿಲ್ಲುತ್ತದೆ.

ಕಪ್ಪು ಬಣ್ಣ ಮಾಡುವ ವಿಧಾನ ಕೇಳಿದರೆ ಮಂಡ್ಯದವರಿಗೆ ಸಂತೋಷವಾಗಬೇಕು. ತುಕ್ಕು ಹಿಡಿದ ಕಬ್ಬಿಣದ ಚೂರುಗಳನ್ನು ಬೆಲ್ಲದ ನೀರಿನಲ್ಲಿ ಹಾಕಿ ಎರಡು ಮೂರು ವಾರ ಹುಳಿಯಲು ಬಿಡುತ್ತಾರೆ. ಅಳಲೆಯಲ್ಲಿ ನೆನೆಸಿದ ಬಟ್ಟೆಗೆ ಆ ನೀರು ತಾಗಿದೊಡನೆ ಕಪ್ಪಾಗುತ್ತದೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಗಳು ಇಂದಿಗೂ ಬೆಲ್ಲ ಮತ್ತು ಕಬ್ಬಿಣದವೇ.

ಇದನ್ನೆಲ್ಲ ಕೇಳಿದ ಮೇಲೆ ಸುಮ್ಮನೆ ಊರಿಗೆ ಹೊರಡಲು ಮನಸ್ಸಾಗಲಿಲ್ಲ. ಪಾಂಡವಪುರ ತಾಲೂಕಿನ ಮೇಲುಕೋಟೆ ಅಲ್ಲಿಂದ ಹೆಚ್ಚು ದೂರವಲ್ಲ. ದೇವಸ್ಥಾನಗಳ ಊರಾದ ಮೇಲುಕೋಟೆಯಲ್ಲಿ ಜನಪದ ಸೇವಾ ಟ್ರಸ್ಟ್ ಎಂಬ ಸಂಸ್ಥೆಯಿದೆ. ಜಯಪ್ರಕಾಶ್ ನಾರಾಯಣ್ ಅವರೊಂದಿಗೆ ಕೆಲಸ ಮಾಡಿದ್ದ ಗಾಂಧಿವಾದಿ ಸುರೇಂದ್ರ ಕೌಲಗಿ 1960ರಲ್ಲಿ ಅದನ್ನು ಕಟ್ಟಿದರು. ಸಂಸ್ಥೆಯ ಖಾದಿ ವಿಭಾಗ ಕೈಮಗ್ಗದ ಬಟ್ಟೆ ನೇಯಿಸಿ ಅದಕ್ಕೆ ಸಸ್ಯಮೂಲದ ಬಣ್ಣ ಹಾಕಿಸುವ ಕೆಲಸವನ್ನು ನಡೆಸಿಕೊಂಡು ಬಂದಿದೆ. ಆ ಬಟ್ಟೆಯನ್ನು ಕೈಯಲ್ಲಿ ಹಿಡಿದಾಗ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ಅದರ ಸೌಮ್ಯತೆ. ಸಂತೆಯ ರಂಗೋಲಿ ಪುಡಿಯಂತೆ ಕೂಗಿ ಕರೆಯುವ ಬಣ್ಣಗಳಲ್ಲ. ಹಳದಿಯೊಳಗೆ ಸ್ವಲ್ಪ ಕಂದು, ಕೆಂಪಿನೊಳಗೆ ಸ್ವಲ್ಪ ಮಣ್ಣು. ಬೆಲೆಯೂ ನೈಟಿಯ ಬೆಲೆಯಲ್ಲ, ನಿಜ. ನೂಲುವ, ನೇಯುವ, ಅದ್ದುವ ಅಷ್ಟು ಕೈಗಳಿಗೆ ಕೂಲಿ ಹೋಗಬೇಕಲ್ಲ.

ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ಚರಕ ಎಂಬ ಮಹಿಳೆಯರ ಸಹಕಾರ ಸಂಘವಿದೆ, ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ ಹುಟ್ಟಿದ್ದು. ಅಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಬಟ್ಟೆಗೆ ಕೆಂಪು, ಕಂದು ಬಣ್ಣ ಹಾಕುತ್ತಾರೆ. ಮಲೆನಾಡಿನವರಿಗೆ ಚೊಗರಿನ ಕಲೆ ಗೊತ್ತೇ ಇದೆ, ಬಟ್ಟೆಗೆ ತಾಗಿದರೆ ಸಾಯುವವರೆಗೆ ಹೋಗದು. ಆ ಕಲೆಯನ್ನೇ ಕಸುಬಾಗಿಸಿಕೊಂಡಿದ್ದಾರೆ ಅಲ್ಲಿನ ಹೆಣ್ಣುಮಕ್ಕಳು.

ಸಸ್ಯದ ಬಣ್ಣ ಎಂದಮಾತ್ರಕ್ಕೆ ಎಲ್ಲವೂ ಪರಿಶುದ್ಧ ಎಂದು ಮಾತ್ರ ತಿಳಿಯಬೇಡಿ. ಬಣ್ಣ ಗಾಢವಾಗಲೆಂದು ತಾಮ್ರದ, ಕ್ರೋಮಿಯಂನ ಲವಣಗಳನ್ನು ಬಳಸುವವರೂ ಇದ್ದಾರೆ, ಅವು ನೀರಿಗೆ ವಿಷವೇ. ಎಲ್ಲ ಸಸ್ಯದ ಬಣ್ಣವೂ ಬಾಳುವುದಿಲ್ಲ. ಅರಿಶಿನ ಬಟ್ಟೆಗೆ ಥಟ್ಟನೆ ಹಿಡಿಯುತ್ತದೆ, ಬಿಸಿಲಿಗೆ ಅಷ್ಟೇ ಬೇಗ ಹೋಗುತ್ತದೆ. ಮಗುವಿನ ಅಂಗಿಗೆ ಸಾರಿನ ಕಲೆಯಾದರೆ ಸಾಬೂನು ಹಚ್ಚಿದಾಗ ಅದು ಕೆಂಪಾಗುವುದನ್ನು ನೀವೇ ನೋಡಿದ್ದೀರಿ. ಸಾಬೂನಿನ ಕ್ಷಾರಕ್ಕೆ ಅರಿಶಿನ ಬಣ್ಣ ಬದಲಿಸುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿದಾಗ ಕೆಂಪಾಗುವುದೂ ಹೀಗೆಯೇ. ಹೆದರದೆ ಒಗೆದು ಬಿಸಿಲಿಗೆ ಹಾಕಿ, ಸೂರ್ಯನೇ ಕಲೆ ತೆಗೆಯುತ್ತಾನೆ.

ನೀಲಿಗಿಡದ ಚರಿತ್ರೆಯಂತೂ ಕಣ್ಣೀರಿನದು. ಬಂಗಾಳದಲ್ಲಿ ಇಂಗ್ಲಿಷ್ ತೋಟಗಾರರು ರೈತರಿಂದ ಬಲವಂತವಾಗಿ ನೀಲಿ ಬೆಳೆಸಿದರು, 1859ರಲ್ಲಿ ರೈತರು ತಿರುಗಿಬಿದ್ದರು. ಬಿಹಾರದ ಚಂಪಾರಣ್‌ನಲ್ಲಿ ಪ್ರತಿ ಇಪ್ಪತ್ತು ಕಠಾ ಭೂಮಿಯಲ್ಲಿ ಮೂರು ಕಠಾ ನೀಲಿಗೇ ಮೀಸಲಿಡಬೇಕೆಂಬ ಕಟ್ಟಳೆಯಿತ್ತು. ಆ ರೈತರ ಗೋಳನ್ನು ಪತ್ರಿಕೆಗಳಲ್ಲಿ ಬರೆದು ಹೊರಜಗತ್ತಿಗೆ ತಿಳಿಸಿದವರಲ್ಲಿ ಪೀರ್ ಮುಹಮ್ಮದ್ ಮೂನಿಸ್ ಪ್ರಮುಖರು. 1917ರಲ್ಲಿ ಗಾಂಧೀಜಿ ಚಂಪಾರಣ್‌ಗೆ ಹೋದರು, ಮರುವರ್ಷ ಕಾನೂನು ಬಂದು ಆ ಕಟ್ಟಳೆ ರದ್ದಾಯಿತು. ಅಷ್ಟರಲ್ಲಾಗಲೇ ಜರ್ಮನಿಯ ಕಾರ್ಖಾನೆ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದು (1897) ಗಿಡದ ನೀಲಿಯ ವ್ಯಾಪಾರವನ್ನು ಮುರಿದಿತ್ತು. ಇಂದು ನಿಮ್ಮ ಮಕ್ಕಳು ತೊಡುವ ಜೀನ್ಸ್‌ನ ನೀಲಿ ಬಹುಪಾಲು ಕಾರ್ಖಾನೆಯದೇ.

ಮೇಲುಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಬಂದೆ. 1784ರಲ್ಲಿ ಟಿಪ್ಪು ಸುಲ್ತಾನರು ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಗಳಲ್ಲಿ ಬಣ್ಣವಿಲ್ಲದ ಒಂದು ಅಂಗುಲ ಜಾಗವೂ ಸಿಗದು. ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ, ಅಂದು ಇಂಗ್ಲಿಷರು ಸೋತಿದ್ದರು. ಹೊರಗೆ ಬಂದು ಕಾವೇರಿಯ ದಡದಲ್ಲಿ ಕೂತೆ. ಇದೇ ಕಾವೇರಿಗೆ ಮುಂದೆ ತಮಿಳುನಾಡಿನಲ್ಲಿ ನೊಯ್ಯಲ್ ಎಂಬ ಹೊಳೆ ಸೇರುತ್ತದೆ. ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳು ವರ್ಷಾನುಗಟ್ಟಲೆ ತಮ್ಮ ಕೊಳೆ ನೀರನ್ನು ಆ ಹೊಳೆಗೆ ಬಿಟ್ಟವು. ಕೆಳಗಿನ ರೈತರ ಹೊಲ, ಬಾವಿ ಎಲ್ಲ ಕೆಟ್ಟವು. 2011ರಲ್ಲಿ ಮದ್ರಾಸ್ ಹೈಕೋರ್ಟ್ ನೂರಾರು ಘಟಕಗಳನ್ನು ಮುಚ್ಚಿಸಿತು. ನೂರೈವತ್ತು ರೂಪಾಯಿಗೆ ಬನಿಯನ್ ಸಿಕ್ಕಿತೆಂದು ನಾವು ಸಂತೋಷಪಡುವಾಗ ಆ ಬಾವಿಗಳು ಲೆಕ್ಕಕ್ಕೆ ಬರುವುದಿಲ್ಲ.

ಸಹೋದರಿಯರೇ, ಇನ್ನು ನಮ್ಮ ಕಪಾಟಿನ ಮಾತಿಗೆ ಬರೋಣ. ಹತ್ತಿ ಬಟ್ಟೆಗೆ ಈಗ ಹೆಚ್ಚಾಗಿ ಬಳಸುವುದು 1956ರಿಂದ ಬಂದ ರಿಯಾಕ್ಟಿವ್ ಎಂಬ ಬಗೆಯ ಬಣ್ಣ. ಅದು ಎಳೆಯೊಂದಿಗೇ ಬೆಸೆದುಕೊಳ್ಳುವುದರಿಂದ ಸುಲಭವಾಗಿ ಬಿಡುವುದಿಲ್ಲ, ಮೈಗೂ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಪಾಲಿಯೆಸ್ಟರ್ ಬಟ್ಟೆಯ ಬಣ್ಣ ಹಾಗಲ್ಲ, ಅದು ಎಳೆಯೊಳಗೆ ಹೊಕ್ಕು ಕೂತಿರುತ್ತದೆ ಅಷ್ಟೇ. ಬೆವರು ಮತ್ತು ಉಜ್ಜಾಟಕ್ಕೆ ಸ್ವಲ್ಪ ಸ್ವಲ್ಪವಾಗಿ ಹೊರಬರಬಹುದು. ಗಾಢ ನೀಲಿ, ಕಪ್ಪು ಬಟ್ಟೆಗಳಲ್ಲಿ ಇದು ಹೆಚ್ಚು. ನಮ್ಮ ಬುರ್ಖಾಗಳಲ್ಲಿ ಎಷ್ಟು ಪಾಲಿಯೆಸ್ಟರಿನವು, ಎಷ್ಟು ಕಪ್ಪು ಬಣ್ಣದವು ಎಂದು ಹೇಳಬೇಕೇ? ಕುತ್ತಿಗೆ, ಕಂಕುಳು, ಮೊಣಕೈಯ ಮಡಿಕೆಗಳಲ್ಲಿ ತುರಿಕೆಯಿದ್ದು, ಮುಲಾಮಿಗೂ ಹೋಗದಿದ್ದರೆ ಬಟ್ಟೆಯ ಬಣ್ಣದ ಮೇಲೂ ಸಂಶಯಪಡಿ, ಚರ್ಮದ ವೈದ್ಯರಿಗೆ ಅದನ್ನು ಹೇಳಿ. ಹೊಸ ಬುರ್ಖಾವನ್ನು ಎರಡು ಮೂರು ಸಲ ಒಗೆದೇ ತೊಡಿ, ಒಳಗೆ ಮೈಗೆ ತಾಗುವಂತೆ ಹತ್ತಿಯ ಬಟ್ಟೆಯಿರಲಿ. ಪಿಪಿಡಿ ಅಲರ್ಜಿಯಿದ್ದವರಿಗೆ ಇಂತಹ ಕೆಲವು ಬಣ್ಣಗಳೂ ಆಗಿಬರುವುದಿಲ್ಲ, ವೈದ್ಯೆ ನಮ್ಮ ಹುಡುಗಿಗೆ ಎಚ್ಚರಿಸಿದ್ದು ಇದನ್ನೇ. ಅಝೋ ಬಣ್ಣಗಳಲ್ಲಿ ಕ್ಯಾನ್ಸರ್‌ಕಾರಕ ಅಂಶ ಬಿಡುಗಡೆ ಮಾಡುವ ಕೆಲವನ್ನು 1994ರಲ್ಲಿ ಜರ್ಮನಿ ನಿಷೇಧಿಸಿತು, 1997ರಲ್ಲಿ ಭಾರತವೂ ನಿಷೇಧಿಸಿತು.

ಬಟ್ಟೆಯ ಬಣ್ಣ ಬಟ್ಟೆಯಲ್ಲೇ ಇದ್ದರೆ ಅಷ್ಟಾದರೂ ನೆಮ್ಮದಿ. ಬೊಂಬಾಯಿ ಮಿಠಾಯಿಯ ಗುಲಾಬಿ ನೆನಪಿದೆಯೇ? ಬಟ್ಟೆಗೆ ಹಾಕುವ ರೋಡಮಿನ್-ಬಿ ಎಂಬ ಬಣ್ಣ ಬೊಂಬಾಯಿ ಮಿ‌ಠಾಯಿಯಲ್ಲಿ ಪತ್ತೆಯಾದಾಗ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರಕಾರ ಅದನ್ನು ನಿಷೇಧಿಸಿತು, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನೂ ನಿಷೇಧಿಸಿತು. ಜೂನ್‌ನಲ್ಲಿ ಕಬಾಬಿನ ಸರದಿ ಬಂತು. ಬಣ್ಣವಿಲ್ಲದ ಬಿಳಿ ಮಿಠಾಯಿಗೆ ಅಡ್ಡಿಯಿಲ್ಲ, ಆದರೆ ಅದನ್ನು ಕೊಡಿಸಿದರೆ ನನ್ನ ಮಗ ಮುಖ ಊದಿಸಿಕೊಳ್ಳುತ್ತಾನೆ. ಚಿನ್ನದಂತೆ ಹೊಳೆಯುವ ಬೆಲ್ಲದ ಮಾತೂ ಇಷ್ಟೇ. ಕಬ್ಬಿನ ಹಾಲು ಕುದಿಯುವಾಗ ಹೈಡ್ರೋಸ್ ಎಂಬ ಪುಡಿ ಹಾಕಿದರೆ ಬೆಲ್ಲ ತಿಳಿಹಳದಿಗೆ ಬರುತ್ತದೆ. ಹೈಡ್ರೋಸ್‌ನ ನಿಜವಾದ ಕೆಲಸ ಏನು ಗೊತ್ತೇ? ರಂಗ್ರೇಜರ ಗುಡಾಣದಲ್ಲಿ ತಗಚೆ ಬೀಜ ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು, ಅಂದರೆ ನೀಲಿಯನ್ನು ಕರಗಿಸುವ ಕೆಲಸವನ್ನು, ಇಂದಿನ ಕಾರ್ಖಾನೆಗಳಲ್ಲಿ ನಿಮಿಷಗಳಲ್ಲಿ ಮಾಡುವುದು ಅದೇ ಪುಡಿ. ನಾನಿಯ ಮನೆಗೆ ಬರುವುದು ಕಪ್ಪು ಬೆಲ್ಲ. ನೋಡಲು ಚೆನ್ನಾಗಿಲ್ಲವೆಂದು ನಾವು ಮೊಮ್ಮಕ್ಕಳು ಹಿಂದೆ ಮೂಗು ಮುರಿಯುತ್ತಿದ್ದೆವು.

ಬೆಂಗಳೂರಿಗೆ ಮರಳುವಾಗ ಚನ್ನಪಟ್ಟಣದಲ್ಲಿ ಇಳಿದು ಮಗನಿಗೆ ಮರದ ಬುಗುರಿ ಕೊಂಡೆ. ಮರಕ್ಕೆ ಅರಗಿನ ಬಣ್ಣ ಹಾಕುವ ಆ ಕಸುಬಿನಲ್ಲಿ ಅನೇಕ ಮುಸ್ಲಿಂ ಕುಟುಂಬಗಳಿವೆ. ಅರಗಿಗೆ ಅರಿಶಿನ, ನೀಲಿಯಂತಹ ಸಸ್ಯದ ಬಣ್ಣಗಳನ್ನೇ ಬೆರೆಸುವ ಕುಶಲಕರ್ಮಿಗಳು ಅಲ್ಲಿದ್ದಾರೆ. ಎಲ್ಲ ಅಂಗಡಿಗಳಲ್ಲೂ ಅಂಥದ್ದೇ ಸಿಗುತ್ತದೆಂದಲ್ಲ, ಕೇಳಿಯೇ ಕೊಳ್ಳಬೇಕು. ಹಲ್ಲು ಬರುತ್ತಿರುವ ಮಕ್ಕಳು ಆಟಿಕೆಯನ್ನು ಇಡುವುದು ಬಾಯಲ್ಲೇ ಅಲ್ಲವೇ?

ನಮ್ಮ ಹುಡುಗಿಯ ಕೈ ವಾಸಿಯಾಗಲು ಮೂರು ವಾರ ಹಿಡಿಯಿತು. ಗೆರೆಗಳಿದ್ದಲ್ಲಿ ಚರ್ಮ ಬಿಳಿಚಿಕೊಂಡು, ಬಳ್ಳಿಯ ನೆರಳಿನಂತೆ ಬಹುಕಾಲ ಉಳಿದಿತ್ತು. ಗಂಡನ ಮನೆಯವರು ಒಳ್ಳೆಯವರು, ಯಾರೂ ಒಂದು ಮಾತೂ ಆಡಲಿಲ್ಲ. ಅವಳೇ ಕೈ ಮುಚ್ಚಿಕೊಳ್ಳುತ್ತಿದ್ದಳು.

ಈ ಸಲ ರಮಝಾನ್‌ನ ಕೊನೆಯ ವಾರ ನಾನಿ ಫೋನ್ ಮಾಡಿದ್ದರು. ಗೋರಂಟಿ ಚೆನ್ನಾಗಿ ಚಿಗುರಿದೆಯಂತೆ. ಹುಡುಗಿ ತೌರಿಗೆ ಬಂದಿದ್ದಾಳೆ, ವೈದ್ಯೆಯನ್ನು ಕೇಳಿಕೊಂಡೇ ಮೊದಲು ಮೊಣಕೈಯ ಒಳಬದಿಗೆ ಬಟಾಣಿಯಷ್ಟು ಅರೆದ ಎಲೆ ಹಚ್ಚಿ ಎರಡು ದಿನ ಕಾದಳಂತೆ, ಏನೂ ಆಗಲಿಲ್ಲವಂತೆ. "ಚಾಂದ್ ರಾತ್‌ಗೆ ನೀನೂ ಬಾ. ಒಳಕಲ್ಲಿನಲ್ಲಿ ಅರೆಯಲು ನನ್ನ ಕೈಯಲ್ಲಿ ಶಕ್ತಿಯಿಲ್ಲ. ಬರುವಾಗ ಸಂತೆಯಿಂದ ನಾಲ್ಕು ನಿಂಬೆಹಣ್ಣು ತಾ" ಎಂದರು.